ಮಾತಿಗೆ ಕುರ್ಚಿ ಹೋದರೆ ಹಕ್ಕೂ ಹೋದಂತೆಯೇ?

2025ರ ಆಗಸ್ಟ್ ಎರಡನೇ ವಾರ. ಮಧುಗಿರಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಶಾಸಕರೂ ಸಹಕಾರ ಸಚಿವರೂ ಆಗಿದ್ದ ಕೆ.ಎನ್. ರಾಜಣ್ಣ ಅವರನ್ನು ಆಗಸ್ಟ್ 11ರಂದು ಸಂಪುಟದಿಂದ ವಜಾ ಮಾಡಲಾಗಿತ್ತು. ಹಿಂದಿನ ಸೀಟಿನ ಹಿರಿಯರೊಬ್ಬರು, ‘ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರು ನೋಡಪ್ಪ. ಮಾತಾಡೋ ಹಕ್ಕು ಅಂತ ಸಂವಿಧಾನದಾಗೆ ಬರ್ದಿರೋದು ಯಾರಿಗೆ ಹಂಗಾದ್ರೆ?’ ಎಂದರು. ಪಕ್ಕದವರು, ‘ಪಕ್ಷದಾಗೆ ಇದ್ಮೇಲೆ ಬಾಯಿ ಬಿಗಿ ಹಿಡೀಬೇಕು ಕಣಣ್ಣ’ ಎಂದರು. ಕೊರಟಗೆರೆ ದಾಟಿದರೂ ವಾದ ಮುಗಿಯಲಿಲ್ಲ.

ಬಿ.ಇ. ಮೊದಲ ವರ್ಷದಲ್ಲಿ ನಮಗೂ ಭಾರತದ ಸಂವಿಧಾನ ಒಂದು ವಿಷಯ. ಒಂದೇ ಕ್ರೆಡಿಟ್. ಹಿಂದಿನ ರಾತ್ರಿ ಓದಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ಮರೆತುಬಿಡುವಂಥದ್ದು. 19(1)(ಎ) ಎಂದರೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ನಾನೂ ಗುರುತು ಹಾಕಿದ್ದೆ. ಆದರೆ ಆ ಹಿರಿಯರ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿದದ್ದು ಇದು: ಒಬ್ಬನೇ ಮನುಷ್ಯ, ಅದೇ ನಾಲಿಗೆ, ಆದರೆ ನಿಂತ ಜಾಗ ಬದಲಾದಂತೆ ಸಂವಿಧಾನ ಕೊಡುವ ರಕ್ಷಣೆಯೂ ಬದಲಾಗುತ್ತದೆ. ಅದಕ್ಕೆ ರಾಜಣ್ಣನವರ ಒಂದು ವರ್ಷವೇ ಸಾಕು.

2025ರ ಮಾರ್ಚ್ 20ರಂದು ಅವರು ವಿಧಾನಸಭೆಯಲ್ಲಿ ಎದ್ದು ನಿಂತು ಹನಿಟ್ರ್ಯಾಪ್ ವಿಷಯ ಮಾತನಾಡಿದರು. ತಮ್ಮ ಮೇಲೂ ಯತ್ನ ನಡೆದಿದೆ, 48 ಮಂದಿ ಇದಕ್ಕೆ ಸಿಕ್ಕಿದ್ದಾರೆ ಎಂದರು. ರಾಜ್ಯವೇ ಬೆಚ್ಚಿತು. ಇದೇ ಮಾತನ್ನು ನಾನೋ ನೀವೋ ಫೇಸ್‌ಬುಕ್‌ನಲ್ಲಿ ಬರೆದಿದ್ದರೆ ಮಾನಹಾನಿ ಮೊಕದ್ದಮೆಯ ಭಯವಿತ್ತು. ಸದನದಲ್ಲಿ ಆ ಭಯವಿಲ್ಲ. ಶಾಸಕ ಸದನದೊಳಗೆ ಆಡಿದ ಮಾತಿಗೆ ಯಾವ ಕೋರ್ಟಿನಲ್ಲೂ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ 194(2)ನೇ ವಿಧಿ. 19ನೇ ವಿಧಿಗಿಂತ ಗಟ್ಟಿಯಾದ ಕವಚ ಇದು. ಅಲ್ಲಿ ಶಿಸ್ತು ಕಾಯುವವರು ಸಭಾಧ್ಯಕ್ಷರು. ಮರುದಿನವೇ ಗದ್ದಲ ಮಾಡಿದ 18 ಬಿಜೆಪಿ ಶಾಸಕರು ಆರು ತಿಂಗಳಿಗೆ ಅಮಾನತಾದರು. ಮೇ ತಿಂಗಳಲ್ಲಿ ಅದು ರದ್ದಾಯಿತು, ಆ ಮಾತು ಬೇರೆ.

ಈ ಕವಚ ಒಮ್ಮೊಮ್ಮೆ ದೊಣ್ಣೆಯೂ ಆಗುತ್ತದೆ. 2017ರ ಜೂನ್‌ನಲ್ಲಿ ಶಾಸಕರ ವಿರುದ್ಧ ಬರೆದದ್ದಕ್ಕಾಗಿ ‘ಹಾಯ್ ಬೆಂಗಳೂರು’ ಪತ್ರಿಕೆಯ ರವಿ ಬೆಳಗೆರೆ ಮತ್ತು ಇನ್ನೊಬ್ಬ ಪತ್ರಕರ್ತರಿಗೆ ನಮ್ಮ ವಿಧಾನಸಭೆಯೇ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸುವ ನಿರ್ಣಯ ಮಾಡಿತ್ತು. ಹಕ್ಕುಚ್ಯುತಿ ಎಂಬುದು ಕಾರಣ. ದೂರು ಕೊಟ್ಟವರ ಮನೆಯವರೇ ತೀರ್ಪನ್ನೂ ಕೊಟ್ಟಂತೆ. ಶಾಸಕರಿಗೆ ಇಷ್ಟು ದೊಡ್ಡ ವಾಕ್ ಸ್ವಾತಂತ್ರ್ಯ ಕೊಟ್ಟ ಮೇಲೆ ಬರೆಯುವವರನ್ನು ಶಿಕ್ಷಿಸುವ ಅಧಿಕಾರವೂ ಅವರಿಗೇ ಯಾಕೆ ಬೇಕು ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಆಗಸ್ಟ್‌ಗೆ ಬನ್ನಿ. ಮತ ಕಳವಿನ ಬಗ್ಗೆ ಅವರ ಪಕ್ಷದ ನಾಯಕರೇ ಹೋರಾಟಕ್ಕಿಳಿದಿದ್ದಾಗ, ಮತದಾರರ ಪಟ್ಟಿ ಸಿದ್ಧವಾದಾಗ ರಾಜ್ಯದಲ್ಲಿ ನಮ್ಮದೇ ಸರ್ಕಾರವಿತ್ತು, ಆಗಲೇ ಆಕ್ಷೇಪಿಸಬೇಕಿತ್ತು ಎಂಬರ್ಥದಲ್ಲಿ ರಾಜಣ್ಣ ಮಾಧ್ಯಮದವರ ಮುಂದೆ ಮಾತನಾಡಿದರು. ಸಚಿವ ಸ್ಥಾನ ಹೋಯಿತು. ಮಧುಗಿರಿಯಲ್ಲಿ ಬೆಂಬಲಿಗರು ಬೀದಿಗಿಳಿದರು. ಆದರೆ ಹಕ್ಕು ಹೋಯಿತೇ?

ಹೋಗಲಿಲ್ಲ ಎಂದೇ ನನ್ನ ಓದು. ಆ ಮಾತಿಗೆ ಅವರ ಮೇಲೆ ಕೇಸು ಹಾಕಿ ಜೈಲಿಗೆ ಕಳಿಸಿದ್ದರೆ ಹಕ್ಕಿನ ಪ್ರಶ್ನೆ ಬರುತ್ತಿತ್ತು. ಸಚಿವ ಸ್ಥಾನ ಯಾರ ಮೂಲಭೂತ ಹಕ್ಕೂ ಅಲ್ಲ. 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಸಚಿವರನ್ನು ನೇಮಿಸುತ್ತಾರೆ. ಸಚಿವರು ಆ ಸ್ಥಾನದಲ್ಲಿರುವುದು ಅವರ ಇಚ್ಛೆ ಇರುವವರೆಗೆ. ಸಂಪುಟಕ್ಕೆ ಸಾಮೂಹಿಕ ಹೊಣೆ ಇದೆ. ಒಳಗೆ ಜಗಳವಾಡಿ, ಹೊರಗೆ ಒಂದೇ ದನಿಯಲ್ಲಿ ಮಾತನಾಡಬೇಕು; ಆಗದಿದ್ದರೆ ಕುರ್ಚಿ ಬಿಡಬೇಕು. ಕುರ್ಚಿ ಬಿಟ್ಟ ಮೇಲೂ ಅದೇ ಮಾತನ್ನು ಮಧುಗಿರಿಯ ಯಾವ ವೃತ್ತದಲ್ಲಾದರೂ ನಿಂತು ಹೇಳಬಹುದು. ಸಚಿವರ ಮಾತಿನ ಕುರಿತು 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಇಷ್ಟನ್ನು ಸ್ಪಷ್ಟಪಡಿಸಿತು: 19(2)ರಲ್ಲಿ ಬರೆದಿರುವ ಕಾರಣಗಳನ್ನು ಬಿಟ್ಟು ಹೊಸ ನಿರ್ಬಂಧ ಸೇರಿಸುವಂತಿಲ್ಲ. ಸಚಿವರೊಬ್ಬರು ಆಡಿದ್ದೆಲ್ಲ ಸರ್ಕಾರದ ಮಾತಾಗದು ಎಂದೂ ಬಹುಮತ ಹೇಳಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಈ ಅಂಶದಲ್ಲಿ ಬೇರೆ ಅಭಿಪ್ರಾಯ ಬರೆದರು.

ಆ 19(2)ರ ಪಟ್ಟಿಯಲ್ಲಿರುವುದು ಎಂಟೇ ಕಾರಣ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಮುಖ್ಯಮಂತ್ರಿಗೆ ಬೇಸರವಾಯಿತು, ಪ್ರಿನ್ಸಿಪಾಲರಿಗೆ ಮುಜುಗರವಾಯಿತು ಎಂಬುದು ಪಟ್ಟಿಯಲ್ಲಿಲ್ಲ. 2015ರಲ್ಲಿ ಐ.ಟಿ. ಕಾಯ್ದೆಯ 66ಎ ಸೆಕ್ಷನ್ ಬಿದ್ದುಹೋದದ್ದು ಇದೇ ಕಾರಣಕ್ಕೆ. ಕಿರಿಕಿರಿ ಉಂಟುಮಾಡುವುದನ್ನೂ ಅದು ಅಪರಾಧ ಮಾಡಿತ್ತು.

ಈಗ ನಮ್ಮ ವಿಷಯ. ನಮಗೆ ಸದನದ ಕವಚವಿಲ್ಲ, ಬೀದಿಗಿಳಿಯುವ ಬೆಂಬಲಿಗರಿಲ್ಲ. 2025ರ ಮೇ 7ರಂದು ಪುಣೆಯ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ‘ಆಪರೇಷನ್ ಸಿಂಧೂರ’ ಕುರಿತ ಪೋಸ್ಟ್ ಒಂದನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡಳು. ಎರಡು ಗಂಟೆಯೊಳಗೆ ಅಳಿಸಿ ಕ್ಷಮೆಯನ್ನೂ ಕೇಳಿದಳು. ಆದರೂ ಎರಡು ದಿನದಲ್ಲಿ ಬಂಧನವಾಯಿತು, ಕಾಲೇಜಿನಿಂದ ಹೊರಹಾಕಿದರು. ಪರೀಕ್ಷೆಗಳು ನಡೆಯುತ್ತಿರುವಾಗ ಅವಳು ಯೆರವಡಾ ಜೈಲಿನಲ್ಲಿದ್ದಳು. ಮೇ 27ರಂದು ಬಾಂಬೆ ಹೈಕೋರ್ಟ್ ಅವಳನ್ನು ಬಿಡುಗಡೆ ಮಾಡಿಸಿ, ಕಾಲೇಜಿನ ಆದೇಶಕ್ಕೂ ತಡೆ ಕೊಟ್ಟಿತು. ಸಂವಿಧಾನ ಕಾಪಾಡಿತು ನಿಜ. ಆದರೆ ಅಷ್ಟರಲ್ಲಿ ಎರಡೂವರೆ ವಾರ ಕಳೆದಿತ್ತು, ಒಂದಷ್ಟು ಪೇಪರ್‌ಗಳೂ ತಪ್ಪಿದ್ದವು. ರಾಜಣ್ಣನವರು ಕಳೆದುಕೊಂಡದ್ದು ಹುದ್ದೆ. ಇವಳು ಕಳೆದುಕೊಂಡದ್ದು ಹಕ್ಕು.

ಸರ್ಕಾರಿ ನೌಕರಿಗೆ ಓದುತ್ತಿರುವವರು ಗಮನಿಸಬೇಕಾದ ಇನ್ನೊಂದು ಪ್ರಕರಣ ಪಕ್ಕದ ಚಿತ್ರದುರ್ಗ ಜಿಲ್ಲೆಯದು. 2023ರ ಮೇ ತಿಂಗಳಲ್ಲಿ, ಹೊಸ ಸರ್ಕಾರ ಬಂದ ಹೊತ್ತಿಗೇ, ಉಚಿತ ಯೋಜನೆ ಮತ್ತು ಸಾಲದ ಬಗ್ಗೆ ಫೇಸ್‌ಬುಕ್‌ನಲ್ಲಿ ಟೀಕಿಸಿದ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಅಮಾನತಾದರು. ಸರ್ಕಾರಿ ನೌಕರ ಮೂಲಭೂತ ಹಕ್ಕುಗಳನ್ನು ಹೊಸಿಲ ಹೊರಗೆ ಬಿಟ್ಟು ಬರುವುದಿಲ್ಲ ಎಂಬ ಅರ್ಥದ ತೀರ್ಪನ್ನು ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಕೊಟ್ಟಿದೆ. ಆದರೂ ನಡತೆ ನಿಯಮಗಳು ಸರ್ಕಾರದ ಟೀಕೆಯನ್ನು ನಿಷೇಧಿಸುತ್ತವೆ. ಎಫ್‌ಡಿಎ, ಪಿಡಿಒ ಪುಸ್ತಕ ಹಿಡಿದಿರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ನಮ್ಮ ಸೀಮೆಯಿಂದಲೇ ಬಂದ ಇನ್ನೊಂದು ಸುದ್ದಿ ಇದೆ. ಕೊರಟಗೆರೆ ಶಾಸಕರಾದ ಗೃಹ ಸಚಿವ ಡಾ. ಜಿ. ಪರಮೇಶ್ವರ ಅವರು 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಮಂಡಿಸಿದರು. ಎರಡೂ ಸದನಗಳು ಅಂಗೀಕರಿಸಿದವು. ಮೊದಲ ತಪ್ಪಿಗೆ ಒಂದರಿಂದ ಏಳು ವರ್ಷ ಜೈಲು, 50 ಸಾವಿರ ರೂಪಾಯಿ ದಂಡ, ಜಾಮೀನುರಹಿತ. ದ್ವೇಷದ ಮಾತಿನಿಂದ ಹೆಣ ಬಿದ್ದಿರುವುದನ್ನು ಕಂಡ ರಾಜ್ಯಕ್ಕೆ ಗಟ್ಟಿ ಕಾನೂನು ಬೇಡ ಎಂದು ಹೇಳಲಾರೆ. ನನ್ನ ತಕರಾರು ಒಂದು ಅಂಕಿಯ ಬಗ್ಗೆ.

2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾತಿಗೆ ಸಂಬಂಧಿಸಿದ ದೂರುಗಳಿಗೊಂದು ದಾರಿ ತೋರಿಸಿತು. ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 173(3)ನೇ ಸೆಕ್ಷನ್ ಪ್ರಕಾರ, ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಿ, ಆಮೇಲೆ ಎಫ್‌ಐಆರ್ ಬಗ್ಗೆ ತೀರ್ಮಾನಿಸಬಹುದು. ಮಾತು, ಬರಹದ ಪ್ರಕರಣಗಳಲ್ಲಿ ಹಾಗೆ ಮಾಡುವುದೇ ಸೂಕ್ತ ಎಂದಿತು ಕೋರ್ಟ್. ಧರ್ಮ, ಭಾಷೆಯ ಹೆಸರಲ್ಲಿ ದ್ವೇಷ ಹರಡುವುದಕ್ಕೆ ಈಗಿರುವ ನ್ಯಾಯ ಸಂಹಿತೆಯ 196ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಅದಕ್ಕೆ ಈ ರಕ್ಷಣೆ ಸಿಗುತ್ತದೆ. ಹೊಸ ಮಸೂದೆಯಲ್ಲಿ ಏಳು ವರ್ಷದವರೆಗೆ. ಕೋಡ್ ಬರೆಯುವ ಯಾರನ್ನಾದರೂ ಕೇಳಿ: ‘ಏಳಕ್ಕಿಂತ ಕಡಿಮೆ’ ಎಂದು ಷರತ್ತು ಹಾಕಿದರೆ ಏಳು ಒಳಗೆ ಬರುವುದಿಲ್ಲ. ಅಂದರೆ ದೂರು ಬಂದರೆ ಮೊದಲು ಎಫ್‌ಐಆರ್, ಆಮೇಲೆ ವಿಚಾರಣೆ. ನಾನು ಕಾನೂನು ಓದಿದವನಲ್ಲ. ಬರೆದಿರುವ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವನು. ಗರಿಷ್ಠ ಶಿಕ್ಷೆಯನ್ನು ಆರು ವರ್ಷಕ್ಕೆ ಇಳಿಸಿದರೆ ದ್ವೇಷ ಕಾರುವವರಿಗೆ ದೊಡ್ಡ ಲಾಭವೇನೂ ಆಗದು. ತಪ್ಪು ದೂರಿಗೆ ಸಿಕ್ಕಿಬಿದ್ದ ಹುಡುಗನಿಗೆ 14 ದಿನ ಸಿಗುತ್ತದೆ.

ಆ 14 ದಿನ ಯಾಕೆ ದೊಡ್ಡದು ಎಂದರೆ, ನೇಮಕಾತಿ ಹೊತ್ತಿನ ಪೊಲೀಸ್ ಪರಿಶೀಲನೆಯ ಅರ್ಜಿಯಲ್ಲಿ ನಿಮ್ಮ ಮೇಲೆ ಪ್ರಕರಣ ದಾಖಲಾಗಿದೆಯೇ ಎಂಬ ಪ್ರಶ್ನೆ ಇರುತ್ತದೆ. ಮುಚ್ಚಿಟ್ಟರೆ ಅದೇ ಕೆಲಸ ಕಳೆಯಬಹುದು ಎಂದು ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಾವಗಡದ ನನ್ನ ಗೆಳೆಯನೊಬ್ಬ ಮೊನ್ನೆ ಊರಿನ ಕುಡಿಯುವ ನೀರಿನ ಬಗ್ಗೆ ಶಾಸಕರು, ಅಧಿಕಾರಿಗಳನ್ನು ಟೀಕಿಸಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ, ಅರ್ಧ ಗಂಟೆಯಲ್ಲಿ ತೆಗೆದ. ‘ಯಾಕೋ?’ ಎಂದೆ. ‘ಕಾನ್‌ಸ್ಟೆಬಲ್ ಪರೀಕ್ಷೆ ಬರೀಬೇಕು ಮಗಾ’ ಎಂದ. ಅವನು ಬರೆದದ್ದರಲ್ಲಿ ಆ ಎಂಟು ಕಾರಣಗಳಲ್ಲಿ ಒಂದೂ ಇರಲಿಲ್ಲ.