ಹೊಸಬರನ್ನು ಬರಮಾಡಿಕೊಳ್ಳುವ ಹೊಣೆ ಯಾರದು?

ಪ್ರತಿವರ್ಷ ಪ್ರವೇಶ ಪ್ರಕ್ರಿಯೆ ಮುಗಿಯುವ ಹೊತ್ತಿಗೆ ಕಾಲೇಜುಗಳ ಗೋಡೆಗಳ ಮೇಲೆ ರ‍್ಯಾಗಿಂಗ್ ವಿರೋಧಿ ಫಲಕಗಳು ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಕಾನೂನು ಇದೆ, ಸಮಿತಿ ಇದೆ, ಸಹಾಯವಾಣಿ ಇದೆ. ಆದರೂ ಹಾಸ್ಟೆಲ್ ಕೋಣೆಗಳಲ್ಲಿ ‘ಇಂಟ್ರೊ’ ಹೆಸರಿನ ಕಿರುಕುಳ ನಿಂತಿಲ್ಲ. ಶಿಕ್ಷೆ ಸಾಲದು ಎಂದು ಕೆಲವರು ಹೇಳುತ್ತಾರೆ. ಆದರೆ ಮೂಲ ಕಾರಣ ಬೇರೆಯೇ ಇದೆ. ಹೊಸಬರನ್ನು ಬರಮಾಡಿಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾಸಂಸ್ಥೆಗಳು ತಮ್ಮದೆಂದು ಭಾವಿಸಿಲ್ಲ. ಆ ಜಾಗ ಖಾಲಿ ಇರುವವರೆಗೆ ಯಾರೋ ಅದನ್ನು ತಮಗೆ ಬೇಕಾದಂತೆ ತುಂಬುತ್ತಲೇ ಇರುತ್ತಾರೆ.

ಕ್ಯಾಂಪಸ್ಸಿನ ಆಡುಮಾತು ತನ್ನಷ್ಟಕ್ಕೆ ಒಳ್ಳೆಯ ಸಂಪತ್ತು. ಮೈಸೂರು, ಬೆಂಗಳೂರಿನ ಕಡೆ ‘ಮಗಾ’, ‘ಗುರು’, ‘ಮಚ್ಚಾ’, ಧಾರವಾಡದ ಕಡೆ ‘ದೋಸ್ತ’. ತರಗತಿ ತಪ್ಪಿಸಿದರೆ ‘ಬಂಕ್’ ಅಥವಾ ‘ಚಕ್ಕರ್’, ಬೇಸರ ತರಿಸುವ ಪಾಠ ‘ಕೊರೆತ’, ಪರೀಕ್ಷೆಯಲ್ಲಿ ಬಿದ್ದರೆ ‘ಡುಮ್ಕಿ’, ಮತ್ತೆ ಬರೆಯಬೇಕಾದ್ದು ‘ಸಪ್ಲಿ’. ಇವು ಯಾವ ಪಠ್ಯದಲ್ಲೂ ಇಲ್ಲ, ಹಿರಿಯರಿಂದ ಕಿರಿಯರಿಗೆ ಮೆಸ್‌ನಲ್ಲಿ, ಮೆಟ್ಟಿಲುಗಳ ಮೇಲೆ, ಚಹದಂಗಡಿಯ ಮುಂದೆ ದಾಟುತ್ತವೆ. ಈ ಮಾತು ಕಲಿತವನು ಯಾವ ಊರು, ಯಾರ ಮನೆ ಎಂಬ ವಿಚಾರಣೆ ಇಲ್ಲದೆಯೇ ಗೆಳೆಯರ ಬಳಗದೊಳಕ್ಕೆ ಬರುತ್ತಾನೆ. ‘ಡುಮ್ಕಿ ಹೊಡೆದೆ’ ಎಂದು ನಾಲ್ವರ ಮುಂದೆ ಹೇಳಿ ನಗಬಲ್ಲವನ ಸೋಲು ಅರ್ಧ ಹಗುರಾಗಿರುತ್ತದೆ.

ಇದೇ ಕ್ಯಾಂಪಸ್ಸುಗಳಲ್ಲಿ ಇನ್ನೊಂದು ಬಗೆಯ ಮಾತೂ ಇದೆ. ‘ಇಂಟ್ರೊ ಕೊಡು’ ಎಂದರೆ ಹೆಸರು ಹೇಳು ಎಂದಷ್ಟೇ ಅಲ್ಲ, ಹೇಳಿದಂತೆ ಕುಣಿ ಎಂದು. ಉತ್ತರ ಭಾರತದಲ್ಲಿ ಹೊಸಬ ‘ಫಚ್ಚಾ’. ಅಲ್ಲಿನ ಹಲವು ವೃತ್ತಿಪರ ಕಾಲೇಜುಗಳಲ್ಲಿ ಅವನು ಹಿರಿಯರ ಮುಖ ನೋಡುವಂತಿಲ್ಲ, ತನ್ನ ಅಂಗಿಯ ಮೂರನೇ ಗುಂಡಿಯ ಮೇಲೆ ಕಣ್ಣಿಟ್ಟು ನಿಲ್ಲಬೇಕು. ನಮ್ಮಲ್ಲಿಯೂ ಕೆಲವೆಡೆ ಒಂದೇ ವರ್ಷ ದೊಡ್ಡವನನ್ನು ‘ಸರ್’ ಎನ್ನಬೇಕಾಗುತ್ತದೆ. ಕಿರುಕುಳಕ್ಕೆ ‘ಪರಿಚಯ’, ‘ತಮಾಷೆ’, ‘ಸಂಪ್ರದಾಯ’ ಎಂಬ ಮೆತ್ತನೆಯ ಹೆಸರಿಟ್ಟರೆ ಮಾಡುವವನಿಗೆ ಅಳುಕು ಹೋಗುತ್ತದೆ, ಅನುಭವಿಸುವವನಿಗೆ ದೂರು ಕೊಡಲು ಬಾಯಿ ಬರುವುದಿಲ್ಲ.

ಈ ‘ಪರಿಚಯ’ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಯ ಕೈಯಲ್ಲಿ ಕೊಲೆಯಾದ ವೈದ್ಯಕೀಯ ವಿದ್ಯಾರ್ಥಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಯ ಮಗ. ಮರುವರ್ಷವೇ ಆ ರಾಜ್ಯ ರ‍್ಯಾಗಿಂಗ್ ನಿಷೇಧ ಕಾಯ್ದೆ ತಂದಿತು. 2001ರಲ್ಲಿ ಸುಪ್ರೀಂ ಕೋರ್ಟ್, ರ‍್ಯಾಗಿಂಗ್ ತಡೆಯದಿರುವುದನ್ನು ಸಂಸ್ಥೆಯ ನಿರ್ಲಕ್ಷ್ಯವೆಂದೇ ಪರಿಗಣಿಸಬೇಕು ಎಂದಿತು. ಆರ್.ಕೆ. ರಾಘವನ್ ಸಮಿತಿ ಈ ಪಿಡುಗನ್ನು ತಡೆಯುವ ಬಗ್ಗೆ 2007ರಲ್ಲಿ ವರದಿ ಕೊಟ್ಟಿತು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ 19 ವರ್ಷದ ಹುಡುಗನೊಬ್ಬ ಕುಡಿದ ಸೀನಿಯರ್‌ಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿ ನಿಯಮಾವಳಿ ಜಾರಿಗೆ ಬಂತು. ಕರ್ನಾಟಕದಲ್ಲಂತೂ 1983ರ ಶಿಕ್ಷಣ ಕಾಯ್ದೆಯಲ್ಲಿಯೇ ರ‍್ಯಾಗಿಂಗ್‌ಗೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆ ಇದೆ. ಇಷ್ಟೆಲ್ಲ ಆಗಿಯೂ 2023ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಹಾಸ್ಟೆಲ್ ಮೇಲಿಂದ ಬಿದ್ದು ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಹಳ್ಳಿಗಾಡಿನ ಜಿಲ್ಲೆಯಿಂದ ಬಂಗಾಳಿ ಸಾಹಿತ್ಯ ಓದಲು ಬಂದಿದ್ದ ಹುಡುಗ. ಬಂಧಿತರಲ್ಲಿ ಓದು ಮುಗಿದ ಮೇಲೂ ಹಾಸ್ಟೆಲ್ ಬಿಡದೆ ಉಳಿದಿದ್ದ ಹಳೆಯ ವಿದ್ಯಾರ್ಥಿಗಳೂ ಇದ್ದರು.

‘ಮೈಚಳಿ ಬಿಡಿಸುತ್ತದೆ, ಲೋಕಜ್ಞಾನ ಕಲಿಸುತ್ತದೆ’ ಎಂದು ರ‍್ಯಾಗಿಂಗನ್ನು ಸಮರ್ಥಿಸುವವರಲ್ಲಿ ಬಹುಪಾಲು ಅದನ್ನು ಸ್ವತಃ ಅನುಭವಿಸಿದವರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬಂತೆ, ಹೋದ ವರ್ಷ ತಲೆ ತಗ್ಗಿಸಿದವನು ಈ ವರ್ಷ ತಗ್ಗಿಸಲು ಇನ್ನೊಬ್ಬನನ್ನು ಹುಡುಕುತ್ತಾನೆ. ಆದರೆ ಹೊಸಬ ಇದನ್ನೆಲ್ಲ ಯಾಕೆ ಸಹಿಸಿಕೊಳ್ಳುತ್ತಾನೆ? ಅವನಿಗೆ ಬೇಕಾದದ್ದೆಲ್ಲ ಹಿರಿಯರ ಬಳಿಯೇ ಇರುವುದರಿಂದ. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸು, ಯಾವ ಪ್ರಾಧ್ಯಾಪಕರು ಏನು ನಿರೀಕ್ಷಿಸುತ್ತಾರೆ, ವಿದ್ಯಾರ್ಥಿವೇತನಕ್ಕೆ ಯಾವ ಕಚೇರಿಯ ಯಾವ ಕಿಟಕಿ, ಹುಷಾರಿಲ್ಲದ ರಾತ್ರಿ ಯಾರನ್ನು ಎಬ್ಬಿಸಬೇಕು ಎಂಬುದನ್ನು ಯಾವ ಕಾಲೇಜೂ ಅವನಿಗೆ ಹೇಳಿಕೊಡುವುದಿಲ್ಲ. ಸೀನಿಯರ್‌ನ ದರ್ಪಕ್ಕೆ ಈ ಅವಲಂಬನೆಯೇ ಬಲ. ಅದನ್ನು ಕಳಚದೆ ಎಷ್ಟು ಫಲಕ ಹಾಕಿದರೂ ದರ್ಪ ಇಳಿಯದು.

ಈ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ‘ರ‍್ಯಾಂಕ್ ಎಷ್ಟು?’ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕುತೂಹಲ, ಒಳಗೆ ಜಾತಿಯ ಶೋಧನೆ. ದೆಹಲಿಯ ಏಮ್ಸ್ ಕುರಿತ ಥೋರಟ್ ಸಮಿತಿ, ಪರಿಶಿಷ್ಟ ವಿದ್ಯಾರ್ಥಿಗಳು ಹಾಸ್ಟೆಲ್‌ಗಳಲ್ಲಿ ಹೇಗೆ ಪ್ರತ್ಯೇಕವಾಗಿ ಉಳಿಯಬೇಕಾಗುತ್ತದೆ ಎಂಬುದನ್ನು 2007ರಲ್ಲೇ ದಾಖಲಿಸಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿಗೆ ಬಂದವರಿಗೆ ಮೊದಲ ಪೆಟ್ಟು ಬೀಳುವುದು ಅವರ ಇಂಗ್ಲಿಷಿಗೆ. ‘ಕನ್ನಡ ಮೀಡಿಯಂ’ ಎಂಬುದನ್ನೇ ಬೈಗುಳವಾಗಿ ಕೇಳಿಸಿಕೊಂಡ ಹುಡುಗಿ ತರಗತಿಯಲ್ಲಿ ಮತ್ತೆ ಪ್ರಶ್ನೆ ಕೇಳಲು ಹಿಂಜರಿಯುತ್ತಾಳೆ. ಇದು ಯಾವ ದೂರಿನ ನಮೂನೆಯಲ್ಲೂ ದಾಖಲಾಗುವುದಿಲ್ಲ. ಆದರೆ ಮೊದಲ ಸೆಮಿಸ್ಟರಿನಲ್ಲಿ ಹೀಗೆ ಕಳೆದುಕೊಂಡ ಧೈರ್ಯ ಅಷ್ಟು ಸುಲಭವಾಗಿ ಮರಳುವುದಿಲ್ಲ.

ಇದಕ್ಕೆ ಪರಿಹಾರ 2009ರ ಯುಜಿಸಿ ನಿಯಮಾವಳಿಯಲ್ಲಿಯೇ ಇದೆ. ಪ್ರತಿ ಆರು ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಸ್ವಇಚ್ಛೆಯಿಂದ ಮಾರ್ಗದರ್ಶಿಯಾಗಬೇಕು, ಅಂಥ ಆರು ಮಾರ್ಗದರ್ಶಿಗಳ ಮೇಲೆ ಅವರಿಗಿಂತ ಹಿರಿಯ ಮಾರ್ಗದರ್ಶಿ ಇರಬೇಕು, ಹೊಸಬರ ಚಿಕ್ಕಚಿಕ್ಕ ಗುಂಪುಗಳನ್ನು ಒಬ್ಬೊಬ್ಬ ಅಧ್ಯಾಪಕರು ವಹಿಸಿಕೊಳ್ಳಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಿಯಮಾವಳಿಯ ಹೆದರಿಸುವ ಅರ್ಧ ಗೋಡೆಗೇರಿತು, ಕೈಹಿಡಿಯುವ ಅರ್ಧ ಕಡತದಲ್ಲಿ ಉಳಿಯಿತು. ಮುಚ್ಚಳಿಕೆ ಬರೆಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು. ಆರು ಜನರಿಗೊಬ್ಬ ಹಿರಿಯನನ್ನು ಸಿದ್ಧಪಡಿಸಲು ಸಂಸ್ಥೆ ವರ್ಷವಿಡೀ ದುಡಿಯಬೇಕು. ಅದಕ್ಕೇ ಮೊದಲನೆಯದು ನಡೆಯಿತು, ಎರಡನೆಯದು ನಿಂತಿತು.

ಒಳ್ಳೆಯ ಸಂಪ್ರದಾಯವನ್ನು ಕಟ್ಟಲು ಸಾಧ್ಯ. 1413ರಲ್ಲಿ ಸ್ಥಾಪನೆಯಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ದತ್ತು ತೆಗೆದುಕೊಂಡು ‘ಅಪ್ಪ’ ‘ಅಮ್ಮ’ ಆಗುತ್ತಾರೆ. ಹಿಂದೆ ‘ಮಕ್ಕಳು’ ಕೃತಜ್ಞತೆಗೆ ಒಣದ್ರಾಕ್ಷಿ ಕೊಟ್ಟು, ಲ್ಯಾಟಿನ್ ಭಾಷೆಯ ರಸೀದಿ ಪಡೆಯುತ್ತಿದ್ದರು. ಇಂದು ಆ ಆಚರಣೆ ನೊರೆ ಎರಚುವ ಆಟದಲ್ಲಿ ಮುಗಿಯುತ್ತದೆ. ಅದರ ಜೊತೆಗಿನ ಕುಡಿತದ ಬಗ್ಗೆ ಅಲ್ಲಿಯೂ ಆಕ್ಷೇಪಗಳಿವೆ. ಆದರೂ ಹೊಸಬನ ಬಗ್ಗೆ ಹಿರಿಯನಿಗೆ ಹೊಣೆ ಇದೆ ಎಂಬ ತಿರುಳು ಗಟ್ಟಿ. ನಮ್ಮಲ್ಲಿಯೂ ಇದು ಹೊಸತಲ್ಲ. ಒಂದು ಶತಮಾನದ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ನಡೆಸಿದ ಕರ್ಣಾಟಕ ಸಂಘದಿಂದಲೇ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಟಿತು. ಇಂಗ್ಲಿಷ್ ಆಳುತ್ತಿದ್ದ ಕಾಲೇಜಿನಲ್ಲಿ ಕನ್ನಡದ ಹುಡುಗರು ತಲೆಯೆತ್ತಿ ಕೂರುವ ಜಾಗ ಅದಾಗಿತ್ತು. ವಾರಾನ್ನದ ಮನೆಗಳು, ಮಠಗಳ ಉಚಿತ ಪ್ರಸಾದ ನಿಲಯಗಳು ಬಡ ವಿದ್ಯಾರ್ಥಿಗೆ ಹೊಸ ಊರಿನಲ್ಲಿ ನೆಲೆ ಕೊಟ್ಟವು. ಇಂದಿಗೂ ಅನೇಕ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಸೀನಿಯರ್‌ನನ್ನು ‘ಅಣ್ಣ’ ಎನ್ನುವ, ‘ಅಕ್ಕ’ ಎನ್ನುವ ರೂಢಿ ಇದೆ. ಈ ಸಂಬಂಧಕ್ಕೆ ಸಂಸ್ಥೆ ನೀರೆರೆಯಬೇಕು.

ಹಾಗಾದರೆ ಮಾಡಬೇಕಾದ್ದೇನು? ಮಾರ್ಗದರ್ಶಿಗಳ ಕೆಲಸಕ್ಕೆ ತರಬೇತಿಯೂ ಅಂಕಪಟ್ಟಿಯಲ್ಲಿ ಮಾನ್ಯತೆಯೂ ಸಿಗಬೇಕು. ಕ್ಯಾಂಪಸ್ಸಿನ ಎಲ್ಲ ವ್ಯವಹಾರ ತಿಳಿಸುವ ಕೈಪಿಡಿ ಕನ್ನಡದಲ್ಲಿ ಪ್ರವೇಶದ ದಿನವೇ ಕೈ ಸೇರಬೇಕು. ಕನ್ನಡ ಮಾಧ್ಯಮದವರಿಗೆ ಮೊದಲ ಸೆಮಿಸ್ಟರಿನಲ್ಲಿ ಭಾಷಾ ನೆರವು ಅವರ ಹಕ್ಕಾಗಬೇಕು. ಓದು ಮುಗಿಸಿದವರು ಹಾಸ್ಟೆಲ್ ತೆರವು ಮಾಡಲೇಬೇಕು, ವಾರ್ಡನ್‌ಗಳು ರಾತ್ರಿ ಅಲ್ಲಿಯೇ ಇರಬೇಕು. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕ ಮೀರಿದೆ. ಹಾಗಾಗಿ ಕಿರಿಯರ ದನಿ ಕೇಳಿಸುವ ಬೇರೆ ದಾರಿಯನ್ನಾದರೂ ತೆರೆಯಬೇಕು. ಅಪರಾಧ ನಡೆದಲ್ಲಿ ಕಾನೂನು ಮುಲಾಜಿಲ್ಲದೆ ಕೆಲಸ ಮಾಡಲಿ.

ಇದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಮುಂದಿನ ಸಾಲಿನ ಪ್ರವೇಶ ಆರಂಭವಾಗುವ ಮುನ್ನ ಪ್ರತಿ ಕುಲಪತಿ, ಪ್ರತಿ ಪ್ರಾಂಶುಪಾಲರು ತಮ್ಮಲ್ಲಿ ಆರು ಹೊಸಬರಿಗೊಬ್ಬ ಮಾರ್ಗದರ್ಶಿ ಇದ್ದಾರೆಯೇ ಎಂಬುದಕ್ಕೆ ಹೆಸರುಗಳ ಪಟ್ಟಿ ಸಮೇತ ಉತ್ತರ ಕೊಡಲಿ. ಮುಚ್ಚಳಿಕೆ ಬರೆದುಕೊಡುವ ಪೋಷಕರಿಗೆ ಆ ಪಟ್ಟಿಯನ್ನು ಕೇಳುವ ಅಧಿಕಾರವಿದೆ. ಅವರು ಕೇಳಬೇಕು.