‘ಅತಿ’ ಅಂದ್ರೆ ಎಷ್ಟು ಮಾರಾಯ್ರೆ?

ಪೇಪರಿನ ವಾಣಿಜ್ಯ ಪುಟದಲ್ಲಿ ಎರಡು ಪದಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಒಂದು ‘ಆವಕ’, ಇನ್ನೊಂದು ‘ಅತಿ ಪೂರೈಕೆ’. ಆವಕ ಪಾಪದ ಪದ. ಇವತ್ತು ಮಾರುಕಟ್ಟೆಗೆ ಇಷ್ಟು ಮಾಲು ಬಂತು ಎಂದು ಹೇಳಿ ಸುಮ್ಮನಾಗುತ್ತದೆ. ‘ಅತಿ ಪೂರೈಕೆ’ ಹಾಗಲ್ಲ ನೋಡಿ, ಅದು ತೀರ್ಪು ಕೊಟ್ಟೇ ಬಿಡುತ್ತದೆ. ಬೆಳೆದವರು ಜಾಸ್ತಿ ಬೆಳೆದರು, ರೇಟು ಬಿತ್ತು, ಅನುಭವಿಸಲಿ!

ಯಾವುದಕ್ಕಿಂತ ಜಾಸ್ತಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಜನರಿಗೆ ಬೇಕಾದದ್ದಕ್ಕಿಂತ ಜಾಸ್ತಿಯೋ, ಅಥವಾ ಕೊಳ್ಳುವವರು ಇವತ್ತು ಕೊಳ್ಳಲು ಮನಸ್ಸು ಮಾಡಿದ್ದಕ್ಕಿಂತ ಜಾಸ್ತಿಯೋ? ಇವೆರಡೂ ಒಂದೇ ಅಲ್ಲ.

ನಮ್ಮ ಕಡೆಯ ಕೊಕ್ಕೋ ಕಥೆಯನ್ನೇ ತೆಗೆದುಕೊಳ್ಳಿ. ಅಡಿಕೆ ತೋಟದ ನೆರಳಿನಲ್ಲಿ ಚೆನ್ನಾಗಿ ಬರುತ್ತದೆ, ಕೊಳ್ಳುವವರೂ ಇದ್ದಾರೆ ಎಂದು ನಂಬಿ ೧೯೭೦ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರು ಕೊಕ್ಕೋ ಹಾಕಿದರು. ಗಿಡ ಫಲ ಕೊಡುವ ಹೊತ್ತಿಗೆ, ಅಂದರೆ ೧೯೮೦ರ ಆಸುಪಾಸಿನಲ್ಲಿ, ಜಾಗತಿಕ ಧಾರಣೆ ಕುಸಿಯಿತು, ಖರೀದಿಯೂ ಹಿಂದೆ ಸರಿಯಿತು. ಕೊಕ್ಕೋದ ಹಸಿ ಬೀಜ ಚಾಲಿ ಅಡಿಕೆಯ ಹಾಗಲ್ಲ. ಚಾಲಿಯನ್ನು ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟು ಕಾಯಬಹುದು. ಕೋಡು ಒಡೆದು ತೆಗೆದ ಹಸಿ ಬೀಜವನ್ನು ಬೇಗನೆ ಹುಳಿ ಬರಿಸಿ ಒಣಗಿಸದಿದ್ದರೆ ಹಾಳು. ಕಾಯಲಾಗದವರ ಮಾಲು ತಕ್ಷಣ ‘ಅತಿ’ ಆಯಿತು. ಗಿಡ ಕಡಿದು ಹಾಕಿದವರೂ ಇದ್ದರು. (ಅಳಿಲು, ಮಂಗಗಳಿಗೆ ಮಾತ್ರ ಇದು ಸಮಸ್ಯೆ ಅನ್ನಿಸಿರಲಾರದು!)

ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೋ. ೧೯೭೩ರಲ್ಲಿ ಅಡಿಕೆ ಧಾರಣೆಯ ಸಂಕಟದಿಂದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಕೊಂಡದ್ದನ್ನು ಏನು ಮಾಡುವುದು? ೧೯೮೬ರಲ್ಲಿ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಈಗ ಭಾರತ ತನಗೆ ಬೇಕಾದ ಕೊಕ್ಕೋದ ದೊಡ್ಡ ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ೨೦೨೪ರಲ್ಲಂತೂ ಜಾಗತಿಕ ಬೆಲೆ ಟನ್ನಿಗೆ ೧೦,೦೦೦ ಡಾಲರ್ ದಾಟಿ, ನಮ್ಮಲ್ಲೂ ಹಸಿ ಬೀಜಕ್ಕೆ ಕಂಡು ಕೇಳರಿಯದ ರೇಟು ಬಂತು. ಹಾಗಾದರೆ ೧೯೮೦ರಲ್ಲಿ ಜಾಸ್ತಿ ಇದ್ದದ್ದು ಕೊಕ್ಕೋವೋ, ಕಮ್ಮಿ ಇದ್ದದ್ದು ಕಾರ್ಖಾನೆಯೋ?

ಅಡಿಕೆಯದ್ದೂ ಹೆಚ್ಚುಕಮ್ಮಿ ಇದೇ. ೨೦೦೦ದ ಆಚೀಚೆ ರೇಟು ನೆಲಕಚ್ಚಿದಾಗ ‘ಬೆಳೆ ಜಾಸ್ತಿಯಾಯಿತು’ ಎಂಬ ಮಾತು ಎಲ್ಲ ಕಡೆ ಇತ್ತು. ಆಮೇಲೆ ಬಯಲುಸೀಮೆಯವರೆಗೂ ತೋಟ ಹಬ್ಬಿತು. ಆದರೂ ೨೦೨೧ರಲ್ಲಿ ಹಳೆ ಚಾಲಿ ಕಿಲೋಗೆ ೫೦೦ ರೂಪಾಯಿ ದಾಟಿತು. ಮುಂದೆಯೂ ಹೀಗೇ ಇರುತ್ತದೆ ಎನ್ನುವ ಭ್ರಮೆ ನನಗಿಲ್ಲ. ಬೆಳೆ ಎಷ್ಟು ಎಂಬುದೊಂದೇ ರೇಟನ್ನು ವಿವರಿಸುವುದಿಲ್ಲ ಅಷ್ಟೆ. ಆಮದು ಎಷ್ಟು, ದಾಸ್ತಾನು ಯಾರ ಕೈಯಲ್ಲಿ, ಸರಕಾರ ಏನು ನಿಯಮ ತಂದಿತು, ಇವನ್ನೆಲ್ಲ ಆ ಒಂದು ಪದ ನುಂಗಿಬಿಡುತ್ತದೆ.

ಹಾಗೆಂದು ಪದವೇ ಸುಳ್ಳು ಅನ್ನಲಾರೆ. ಬಂದರಿನ ಧಕ್ಕೆಗೆ ಒಂದೇ ಬೆಳಿಗ್ಗೆ ಬೋಟುಗಟ್ಟಲೆ ಬೂತಾಯಿ ಬಂದು ಬಿದ್ದರೆ, ಇಡೀ ಊರು ಎರಡು ಹೊತ್ತು ಪುಳಿಮುಂಚಿ ಮಾಡಿದರೂ ಮುಗಿಯುವುದಿಲ್ಲ. ಅಲ್ಲಿ ‘ಅತಿ’ ಅನ್ನುವುದಕ್ಕೆ ಅರ್ಥ ಉಂಟು. ಆದರೆ ಅಲ್ಲೂ ಐಸ್ ಎಷ್ಟಿದೆ, ಫಿಶ್ ಮೀಲ್ ಕಾರ್ಖಾನೆಯವರು ಎಷ್ಟು ಕೊಟ್ಟು ಎತ್ತುತ್ತಾರೆ ಎಂಬುದನ್ನು ಬಿಟ್ಟು ಲೆಕ್ಕ ಹಾಕಲಾಗದು.

ಹಾಗಾಗಿ ಕೊಳ್ಳುವವರು ಹಿಂದೆ ಸರಿದಾಗಲಾದರೂ ‘ಖರೀದಿ ಕೊರತೆ’ ಎಂದು ಬರೆಯಬಹುದಲ್ಲ? ತುಸು ಸರಕಾರಿ ವಾಸನೆ ಹೊಡೆಯುತ್ತದೆ, ಒಪ್ಪುತ್ತೇನೆ. ಟೊಮೆಟೊವನ್ನು ರಸ್ತೆಗೆ ಸುರಿಯುವುದನ್ನು ಕಂಡ ಕೋಲಾರದ ಕಡೆಯವರೇ, ನಿಮ್ಮ ಊರ ಮಾತಿನಲ್ಲಿ ಇದಕ್ಕೆ ಬೇರೆ ಹೆಸರೇನಾದರೂ ಇದೆಯಾ?