ಮೊಮ್ಮಗಳ ಅಚ್ಚು, ನಮ್ಮ ಮನೆಯ ಹಿಟ್ಟು

ಊರಿಂದ ಬಂದ ಮಕ್ಕಳ ತಟ್ಟೆಗೆ ಒಂದು ಮಿಳ್ಳೆ ತುಪ್ಪ ಬೀಳದಿದ್ದರೆ ನಮ್ಮ ಕಡೆಯ ಹೆಂಗಸರಿಗೆ ಬಡಿಸಿದ ಸಮಾಧಾನವೇ ಇರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಬಂದ ಮೊಮ್ಮಗಳು ತಟ್ಟೆಗೆ ಕೈ ಅಡ್ಡ ಹಿಡಿದಳು. “ಅಜ್ಜಿ, ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟಿದ್ದೇನೆ” ಎಂದಳು. ಮಾಂಸ, ಮೊಟ್ಟೆಗಳು ನಮ್ಮ ಮನೆಯ ಹೊಸ್ತಿಲು ದಾಟಿದವಲ್ಲ. ಆದರೆ ಹೈನನ್ನೂ ಬಿಟ್ಟರೆ ಉಣ್ಣಲು ಉಳಿಯುವುದೇನು? ಇವಳು ತುಪ್ಪವನ್ನಲ್ಲ, ನನ್ನ ಕೈಯಡುಗೆಯನ್ನೇ ಬೇಡವೆಂದಳೇನೋ ಎಂದು ಮನಸ್ಸು ಮುದುಡಿತು.

ಇಂತಹ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರಿದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಹೈನನ್ನೂ ತೊರೆದ ಶಾಕಾಹಾರಿಗಳ ಸಂಘ ಕಟ್ಟಿದಾಗ ಹುಟ್ಟಿದ ಹೆಸರದು.

ಮೊಮ್ಮಗಳು ತನ್ನೊಡನೆ ವಿದ್ಯುತ್ತಿನ ಒಂದು ಅಚ್ಚನ್ನೂ ತಂದಿದ್ದಳು. ‘ವಾಫಲ್’ ಎಂಬ ತಿಂಡಿಯ ಅಚ್ಚು. ಪುಸ್ತಕದಂತೆ ತೆರೆದು ಮುಚ್ಚುವ ಎರಡು ಫಲಕ, ಒಳಗೆಲ್ಲ ಚೌಕ ಚೌಕ ಗುಳಿಗಳು. ಅಮೆರಿಕದಲ್ಲಿ ಒಲೆಯ ಮೇಲಿಡುವ ಇಂತಹ ಅಚ್ಚಿಗೆ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ 1869ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅವರ ವಾಫಲ್‌ಗೆ ಮೈದಾ, ಮೊಟ್ಟೆ, ಹಾಲು, ಬೆಣ್ಣೆ ಬೇಕು. ನನಗಾದರೋ ಅಚ್ಚನ್ನು ಕಂಡೊಡನೆ ನೆನಪಾದುದು ನಮ್ಮ ಪಡ್ಡಿನ ಹಂಚು. ಅದರಲ್ಲಿ ದುಂಡು ಗುಳಿ, ಇದರಲ್ಲಿ ಚೌಕ ಗುಳಿ. ಪಡ್ಡಿಗೆ ಮೊಟ್ಟೆ, ಹಾಲುಗಳನ್ನು ನಾವು ಎಂದಾದರೂ ಹಾಕಿದ್ದೇವೆಯೇ?

ಮೊಟ್ಟೆಯ ಕೆಲಸವೆಂದರೆ ಹಿಟ್ಟನ್ನು ಹಿಡಿದಿಡುವುದು, ಉಬ್ಬಿಸುವುದು. ನಮ್ಮಲ್ಲಿ ಅದನ್ನು ಉದ್ದು ಮಾಡುತ್ತದೆ. ರುಬ್ಬಿದ ಉದ್ದಿನ ಲೋಳೆ, ಹುಳಿಯುವಾಗ ಹುಟ್ಟುವ ಗಾಳಿಯನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಹಿಟ್ಟು ಉಬ್ಬುವುದು ಅದರಿಂದಲೇ. ಇದನ್ನು ನೆಚ್ಚಿಕೊಂಡು ಅಂದೇ ಅಕ್ಕಿ ನೆನೆಹಾಕಿದೆ.

ಬೇಕಾಗುವ ಸಾಮಗ್ರಿ: ದೋಸೆ ಅಕ್ಕಿ 1 ಬಟ್ಟಲು, ನವಣೆ ಅಕ್ಕಿ 1 ಬಟ್ಟಲು, ಉದ್ದಿನ ಬೇಳೆ ಮುಕ್ಕಾಲು ಬಟ್ಟಲು, ಕಡಲೆ ಬೇಳೆ 2 ಚಮಚ, ಮೆಂತ್ಯ 1 ಸಣ್ಣ ಚಮಚ, ಬ್ಯಾಡಗಿ ಮೆಣಸಿನಕಾಯಿ 6, ಜೀರಿಗೆ 1 ಸಣ್ಣ ಚಮಚ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 1, ಕರಿಬೇವು, ಕೊತ್ತಂಬರಿ, ಎಳ್ಳು 2 ಚಮಚ, ಶೇಂಗಾ ಎಣ್ಣೆ 3 ಚಮಚ, ರುಚಿಗೆ ತಕ್ಕಷ್ಟು ಉಪ್ಪು.

ಮಾಡುವ ವಿಧಾನ: ಅಕ್ಕಿ, ನವಣೆ, ಬೇಳೆ, ಮೆಂತ್ಯಗಳನ್ನು ತೊಳೆದು ಐದಾರು ತಾಸು ನೆನೆಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಿ, ರಾತ್ರಿಯಿಡೀ ಹುಳಿಯಲು ಬಿಡಿರಿ. ಬೆಳಿಗ್ಗೆ ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಜೀರಿಗೆಯೊಡನೆ ನುಣ್ಣಗೆ ಅರೆದು ಹಿಟ್ಟಿಗೆ ಬೆರೆಸಿರಿ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬುದೇ ಬ್ಯಾಡಗಿಯ ಹಿರಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಗಿಡ್ಡನೆಯ, ಸುಕ್ಕುಗಟ್ಟಿದ ‘ಡಬ್ಬಿ’ ಜಾತಿಯದು ಸಿಕ್ಕರೆ ಬಣ್ಣ ಇನ್ನೂ ಚೆನ್ನ. ಉಳಿದ ಸಾಮಗ್ರಿಗಳನ್ನೂ ಎಣ್ಣೆಯನ್ನೂ ಸೇರಿಸಿ ಹಗುರವಾಗಿ ಕಲಸಿರಿ. ಅಚ್ಚು ಚೆನ್ನಾಗಿ ಕಾದ ಬಳಿಕ ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹೊಯ್ದು ಮುಚ್ಚಿರಿ.

ಇಲ್ಲೊಂದು ಎಚ್ಚರಿಕೆಯ ಮಾತು. ಪಡ್ಡು ಬೆಂದಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವುದು ನನ್ನ ಹಳೆಯ ಚಾಳಿ. ಎರಡೇ ನಿಮಿಷಕ್ಕೆ ಅಚ್ಚು ತೆರೆದೆ. ತಿಂಡಿ ನಡುವೆ ಸೀಳಿ, ಅರ್ಧ ಮೇಲಕ್ಕೂ ಅರ್ಧ ಕೆಳಕ್ಕೂ ಅಂಟಿಕೊಂಡಿತು. “ಹಬೆ ನಿಲ್ಲುವವರೆಗೆ ಕಾಯಬೇಕು ಅಜ್ಜಿ” ಎಂದು ಮೊಮ್ಮಗಳು ಮೆಲ್ಲಗೆ ಹೇಳಿದಳು. ಅವಳ ಮಾತು ದಿಟ. ಹಿಟ್ಟಿನ ನೀರು ಹಬೆಯಾಗಿ ಹೋದ ಮೇಲೆಯೇ ಹೊರಮೈ ಗರಿಗಟ್ಟಿ ಅಚ್ಚನ್ನು ಬಿಡುತ್ತದೆ. ಆರೇಳು ನಿಮಿಷ ಹಿಡಿಯುತ್ತದೆ. ಮುಂದಿನದು ಇಡಿಯಾಗಿ ಎದ್ದಿತು: ಹೊರಗೆ ಗರಿಗರಿ, ಒಳಗೆ ಮೃದು, ಕೆಂಪನೆಯ ಬಣ್ಣ. ಅಚ್ಚಿಲ್ಲದವರು ಇದೇ ಹಿಟ್ಟನ್ನು ಪಡ್ಡಿನ ಹಂಚಿನಲ್ಲಿ ಹಾಕಿದರೆ ರುಚಿಗೇನೂ ಕುಂದಿಲ್ಲ.

ನಂಚಿಕೊಳ್ಳಲು ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳು ಪುಡಿ ಸೊಗಸು. ನಾವು ಮೊಸರಿನಲ್ಲಿ ಕಲಸುವ ಪುಡಿಯನ್ನು ಆಕೆ ಎಣ್ಣೆಯಲ್ಲಿ ಕಲಸಿಕೊಂಡಳು. ತುಪ್ಪದ ಮಿಳ್ಳೆಯ ಬದಲು ಎಣ್ಣೆಯ ಮಿಳ್ಳೆ ಹಿಡಿದು ನಾನೇ ಬಡಿಸಿದೆ. ಈ ಸಲ ಅವಳು ಕೈ ಅಡ್ಡ ತರಲಿಲ್ಲ. ನಾಲ್ಕು ತಿಂದು, “ಇನ್ನೊಂದು ಹಾಕು” ಎಂದಳು.

ಮಕ್ಕಳು ಹೈನು ಬಿಟ್ಟರೆ ಹಿರಿಯರಿಗೆ ಚಿಂತೆ ಸಹಜ. ಆದರೆ ಬೈಗುಳಕ್ಕಿಂತ ತಿಳಿವಳಿಕೆ ಲೇಸು. ಸುಣ್ಣದ ಅಂಶಕ್ಕೆ ರಾಗಿ, ಎಳ್ಳು, ಸೊಪ್ಪುಗಳಿವೆ. ಬಿ-12 ಜೀವಸತ್ವ ಮಾತ್ರ ಕಾಳುಕಡಿಗಳಿಂದ ದೊರೆಯದು. ಅದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು ಉಂಟಾಗಬಹುದು. ಆದ್ದರಿಂದ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಈ ಮಾತನ್ನು ಮೊಮ್ಮಗಳಿಗೂ ಹೇಳಿದೆ, ಒಪ್ಪಿದಳು. ಹೊರಡುವಾಗ ಅವಳ ಚೀಲದಲ್ಲಿ ಒಂದು ಸೇರು ಬ್ಯಾಡಗಿ ಮೆಣಸಿನಕಾಯಿ ಇಟ್ಟೆ. ಅಚ್ಚನ್ನು ಅವಳು ನನಗೇ ಬಿಟ್ಟುಹೋಗಿದ್ದಾಳೆ, ದಸರೆಗೆ ಬಂದು ತಿನ್ನುವುದಾಗಿ.